ಮಾವ ನೋಡದ ಕಲ್ಲು

ಕುಂದಾಪುರದ ಹತ್ರದ ಗಂಗೊಳ್ಳಿ ಅಳಿವೆಯಿಂದ ಪಡುದಿಕ್ಕಿಗೆ ಒಂದು 15 ಕಿಲೋಮೀಟರ್ ಹೋದ್ರೆ ನೀರಿನಡಿ ಒಂದು ಕಲ್ಲಿದೆ. ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ಅಲ್ಲಿ ತೆರೆ ಒಡೆಯಲ್ಲ, ಹಕ್ಕಿ ಕೂರಲ್ಲ, ಸುತ್ತ ಇರೋ ಹಾಗೇ ಅಲ್ಲೂ ಬರೀ ನೀರು. ಸುತ್ತಮುತ್ತ 11 ಮಾರು ಆಳ, ಕಲ್ಲಿನ ನೆತ್ತಿ ಮೇಲೆ ಮಾತ್ರ 4 ಮಾರು. ಮಾರು ಅಂದ್ರೆ ಎರಡೂ ಕೈ ಅಗಲ ಚಾಚಿದಾಗ ಆಗೋ ಅಳತೆ, ಹೆಚ್ಚುಕಮ್ಮಿ 6 ಅಡಿ, ನಮ್ಮ ಮಾವನಿಗೆ ಆಳವನ್ನ ಮೀಟರಲ್ಲಿ ಹೇಳಿದ್ರೆ ಇವತ್ತಿಗೂ ಮುಖ ಸಿಂಡರಿಸ್ತಾರೆ. ನಮ್ಮನೆಯಲ್ಲಿ ಇದಕ್ಕೆ ಬಲೆಕಲ್ಲು ಅಂತೀವಿ, ಯಾಕಂದ್ರೆ ಅದು ಬಲೆ ತಿನ್ನುತ್ತೆ. ಮಾವ 48 ವರ್ಷದಿಂದ ಆ ಕಲ್ಲಿನ ಸುತ್ತ ಮೀನು ಹಿಡೀತಿದ್ದಾರೆ. ಅದರ ಯಾವ ಬದಿ ಇಳಿಜಾರು, ಯಾವ ಬದಿ ಗೋಡೆ ಥರ, ಸಂದು ಎಲ್ಲಿ, ಮರಳು ಎಲ್ಲಿಂದ ಶುರು, ಎಲ್ಲ ಬಾಯಿಪಾಠ. ಆದ್ರೆ ಒಂದೇ ಒಂದು ಸಲಾನೂ ಅದನ್ನ ನೋಡಿಲ್ಲ.

ಇದು ನನಗೆ ಹೊಳೆದದ್ದೇ ಕಳೆದ ಡಿಸೆಂಬರಲ್ಲಿ. ಅಂಡಮಾನಿನಲ್ಲಿ ಡೈವಿಂಗ್ ಕಲಿಸೋ ಕೆಲಸ ಮಾಡೋ ನನ್ನ ತಮ್ಮ ರಜೆಗೆ ಬಂದಿದ್ದ, ಜೊತೆಗೆ ಅವನ ಹೆಂಡತಿ, ನನ್ನ ನಾದಿನಿ, ಅವಳು ಅಲ್ಲೇ ಹುಟ್ಟಿ ಬೆಳೆದ ಬಂಗಾಳಿ ಹುಡುಗಿ, ಮೀನಿನ ವಿಷಯಕ್ಕೆ ಬಂದ್ರೆ ನಮಗಿಂತ ಹೆಚ್ಚು ಕುಂದಾಪುರದವಳು. ರಾತ್ರಿ ಊಟಕ್ಕೆ ಕೂತಾಗ ತಮ್ಮ, ಮಾವ ನಿಮ್ಮ ಬಲೆಕಲ್ಲಿಗೆ ಕರ್ಕೊಂಡು ಹೋಗಿ, ನಾನು ಇಳಿದು ನೋಡ್ತೀನಿ ಅಂದ. ಮಾವ ಬಂಗುಡೆ ಮುಳ್ಳು ಬಿಡಿಸ್ತಾ, "ಅಲ್ಲ್ ಎಂತ ಕಾಂಬುಕಿತ್ತ್ ಮಾರಾಯಾ, ಕಲ್ಲ್ ಕಲ್ಲಿನ್ ಕಣೆಗೇ ಇರತ್ತ್" ಅಂದ್ರು, ಅಂದ್ರೆ ಅಲ್ಲಿ ನೋಡೋಕೇನಿದೆ, ಕಲ್ಲು ಕಲ್ಲಿನ ಹಾಗೇ ಇರುತ್ತೆ ಅಂತ. ಹಂಗಂದವರೇ ಮರುದಿನ ಬೆಳಿಗ್ಗೆ ಸೀಮೆಎಣ್ಣೆ ಎಷ್ಟಿದೆ ಅಂತ ಕ್ಯಾನ್ ಅಲ್ಲಾಡಿಸಿ ನೋಡ್ತಿದ್ರು.

ಹೊರಟವರು ಆರು ಜನ. ಮಾವ, ಅತ್ತೆ, ತಮ್ಮ, ನಾದಿನಿ, ನಾನು, ನನ್ನ 10 ವರ್ಷದ ಮಗಳು. ಇದರಲ್ಲಿ ದೊಡ್ಡ ಸುದ್ದಿ ಅಂದ್ರೆ ಅತ್ತೆ ಬಂದದ್ದು. ಮದುವೆಯಾಗಿ ಬಂದಾಗಿಂದ ಮೂವತ್ತು ಚಿಲ್ಲರೆ ವರ್ಷ ಬುಟ್ಟಿ ಹೊತ್ತು ಮೀನು ಮಾರಿದವರು, ಬಸ್ಸಲ್ಲಿ ವಾಸನೆ ಅಂತ ಕೊನೇ ಸೀಟಿಗೆ ತಳ್ಳಿಸಿಕೊಂಡವರು, ಮೀನಿನ ಕಿವಿರು ಎತ್ತಿ ನೋಡಿ ಇದು ನಿನ್ನೆದಾ ಮೊನ್ನೆದಾ ಅಂತ ಹೇಳೋವರು, ಹೊಳೆ ದಾಟೋ ದೋಣಿ ಬಿಟ್ರೆ ಬೇರೆ ದೋಣಿ ಹತ್ತಿದವರಲ್ಲ. ನಮ್ಮಲ್ಲಿ ಗಂಡಸರು ಕಡಲಿಗೆ, ಹೆಂಗಸರು ಮಾರ್ಕೆಟಿಗೆ, ಅದು ಹಾಗೇ ನಡ್ಕೊಂಡು ಬಂದದ್ದು. "ನಾನೂ ಬತ್ತೆ" ಅಂತ ಅತ್ತೆ ಅಂದಾಗ ಮಾವ ಏನೂ ಹೇಳ್ಲಿಲ್ಲ, ಒಳಗೆ ಹೋಗಿ ಇನ್ನೊಂದು ಲೈಫ್ ಜಾಕೆಟ್ ತಂದ್ರು. ಅದನ್ನ ಸೀರೆ ಮೇಲೆ ಹಾಕ್ಕೊಂಡ ಅತ್ತೆ ನೋಡೋಕೆ ಹಬ್ಬದ ದಿನ ಕಟ್ಟಿದ ಬುಟ್ಟಿ ಥರ ಇದ್ರು (ಅವರು ಇದನ್ನ ಓದಲ್ಲ ಅನ್ನೋ ಧೈರ್ಯದಲ್ಲಿ ಬರೀತಿದೀನಿ).

ಬೆಳಿಗ್ಗೆ ನಾಲ್ಕೂವರೆಗೆ ಹೊರಟ್ವಿ. ಮಾವನದ್ದು ನಾಡದೋಣಿ, ಹಿಂದುಗಡೆ ಔಟ್‌ಬೋರ್ಡ್ ಇಂಜಿನ್. ಈ ಇಂಜಿನ್ ಓಡೋದು ಸೀಮೆಎಣ್ಣೆಯಲ್ಲಿ, ಆದ್ರೆ ಸ್ಟಾರ್ಟ್ ಆಗೋಕೆ ಪೆಟ್ರೋಲ್ ಬೇಕು, ಸ್ವಲ್ಪ ಹೊತ್ತು ಪೆಟ್ರೋಲಲ್ಲಿ ಬಿಸಿ ಆದ್ಮೇಲೆ ಸೀಮೆಎಣ್ಣೆಗೆ ತಿರುಗಿಸ್ಬೇಕು, ಆ ತಿರುಗಿಸೋ ಗಳಿಗೆಯಲ್ಲಿ ಇಂಜಿನ್ ಒಂದು ಸಲ ಕೆಮ್ಮಿ ನಿಂತೇಹೋಯ್ತು ಅನ್ನೋ ಥರ ಮಾಡಿ ಮತ್ತೆ ಹಿಡ್ಕೊಳ್ಳುತ್ತೆ. ಅಳಿವೆ ದಾಟೋವಾಗ ಯಾರೂ ಮಾತಾಡಲ್ಲ, ಅದು ರೂಲ್ ಅಲ್ಲ, ಬಾಯಿ ತಾನಾಗೇ ಮುಚ್ಚುತ್ತೆ. ಐದು ಹೊಳೆ ಸೇರಿ ಪಂಚಗಂಗಾವಳಿಯಾಗಿ ಸಮುದ್ರಕ್ಕೆ ಬೀಳೋ ಜಾಗ ಅದು, ಹೊಳೆ ತಂದ ಮರಳು ದಿಬ್ಬ ಆಗಿ ನಿಲ್ಲುತ್ತೆ, ನೀರು ಇಳೀತಿರೋವಾಗ ಹೊರಗಿಂದ ತೆರೆ ಬಂದು ಗುದ್ದಿದ್ರೆ ದೋಣಿ ಮೂಗು ಆಕಾಶಕ್ಕೆ. ನಮ್ಮೂರಲ್ಲಿ ದೋಣಿ ಹೋದ ಸುದ್ದಿ ನಾನು ಚಿಕ್ಕವಳಿದ್ದಾಗಿಂದ ಕೇಳಿದ್ದು ನಡುಗಡಲಿನದ್ದಕ್ಕಿಂತ ಈ ಅಳಿವೆದೇ ಜಾಸ್ತಿ. ಮಾವ ತೆರೆ ಲೆಕ್ಕ ಹಾಕ್ಕೊಂಡು, ಒಂದು ಬಿಟ್ಟು, ಇನ್ನೊಂದು ಬಿಟ್ಟು, ಆಮೇಲೆ ಒಂದೇ ಉಸಿರಿಗೆ ಹೊರಗೆ ನುಗ್ಗಿಸಿದ್ರು. ಅತ್ತೆ ಕಡಲಿನವರ ದೈವ ಬೊಬ್ಬರ್ಯನ ಹೆಸರು ಹೇಳ್ತಿದ್ದದ್ದು ಇಂಜಿನ್ ಸದ್ದಲ್ಲೂ ಕೇಳಿಸ್ತು.

ಹೊರಗೆ ಬಂದ್ಮೇಲೆ ಕಡಲು ಎಣ್ಣೆ ಸುರಿದ ಹಾಗೆ. ಡಿಸೆಂಬರಲ್ಲಿ ಬೆಳಗ್ಗಿನ ಹೊತ್ತು ಮೂಡುಗಾಳಿ, ರಾತ್ರಿ ನೆಲ ಬೇಗ ತಣ್ಣಗಾಗುತ್ತಲ್ಲ, ಆ ತಂಪು ಗಾಳಿ ದಡದಿಂದ ಕಡಲಿಗೆ ಬೀಸುತ್ತೆ, ಬಿಸಿಲೇರಿದ್ಮೇಲೆ ಅದೇ ಉಲ್ಟಾ ಆಗಿ ಪಡುಗಾಳಿ ಏಳುತ್ತೆ. ಇಂಜಿನ್ ಇಲ್ಲದ ಕಾಲದಲ್ಲಿ ಹಾಯಿ ಕಟ್ಟಿ ಹೋಗ್ತಿದ್ದವರು ಹೋಗೋಕೆ ಒಂದು ಗಾಳಿ, ಬರೋಕೆ ಇನ್ನೊಂದು ಗಾಳಿ ಅಂತ ಇದನ್ನೇ ನಂಬ್ಕೊಂಡಿದ್ರಂತೆ. ಮಾವ ಹಾಯಿ ದೋಣಿ ಕಂಡವರು, ಚಿಕ್ಕ ಹುಡುಗನಾಗಿ ರಾಂಪಣಿ, ಅಂದ್ರೆ ಊರವರೆಲ್ಲ ಸೇರಿ ದಡಕ್ಕೆ ಎಳೆಯೋ ದೊಡ್ಡ ಬಲೆ, ಎಳೆದವರು, 70ರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತುವರಿದು ಬಲೆ ಹಾಕೋ ಪರ್ಸೀನ್ ಬೋಟು ಬಂದು ರಾಂಪಣಿ ಒಂದೊಂದಾಗಿ ಮೂಲೆಗೆ ಬಿದ್ದದ್ದನ್ನ ದಡದಲ್ಲಿ ನಿಂತು ನೋಡಿದವರು. ಆ ಕತೆ ಶುರು ಮಾಡಿದ್ರೆ ಬೆಳಕು ಹರಿಯುತ್ತೆ, ಅವತ್ತು ನಿಜವಾಗ್ಲೂ ಹರೀತು.

ಬೆಳಕಾದ್ಮೇಲೆ ಹಿಂದೆ ತಿರುಗಿ ನೋಡಿದ್ರೆ ಕೊಡಚಾದ್ರಿ. ದಡ ಆಗ್ಲೇ ಒಂದು ಹಸಿರು ಗೀಟು, ತೆಂಗಿನಮರ ಎಲ್ಲ ಕರಗಿ ಹೋಗಿದೆ, 1343 ಮೀಟರಿನ ಬೆಟ್ಟ ಮಾತ್ರ ಎದ್ದು ನಿಂತಿದೆ. ತಮ್ಮ ಮೊಬೈಲಲ್ಲಿ ಜಿಪಿಎಸ್ ಹಾಕ್ಕೊಂಡು, ಮಾವ ನಂಬರ್ ಹೇಳಿ ಅಂದ. ಮಾವ ನಂಬರ್ ಹೇಳ್ಲಿಲ್ಲ. ಕೊಡಚಾದ್ರಿ ತುದಿ ದಡದ ಯಾವ ಗುರುತಿನ ಮೇಲೆ ಬಂದು ಕೂರ್ಬೇಕು ಅಂತ ಒಂದು, ಬಡಗಲ್ಲಿ ಒತ್ತಿನೆಣೆ ಗುಡ್ಡದ ಅಂಚು ಯಾವುದರ ಪಕ್ಕಕ್ಕೆ ಸರೀಬೇಕು ಅಂತ ಇನ್ನೊಂದು, ಎರಡು ಗೆರೆ ಎಲ್ಲಿ ಕೂಡುತ್ತೋ ಅಲ್ಲಿ ಕಲ್ಲು. ಆ ಗುರುತುಗಳೇನು ಅಂತ ನಾನು ಇಲ್ಲಿ ಬರೆಯಲ್ಲ, ಬರೆದ್ರೆ ಮಾವ ಮನೆಗೆ ಸೇರಿಸಲ್ಲ. ಅವರ ಅಪ್ಪ ಅವರಿಗೆ ಹೇಳಿಕೊಟ್ಟದ್ದು, ಅಣ್ಣನಿಗೆ ಹೇಳಿಕೊಟ್ಟಿರ್ಲಿಲ್ಲವಂತೆ, ಅದರ ಮೇಲೆ ಮನೆಯಲ್ಲಿ ಒಂದು ಜಗಳವೇ ಆಗಿತ್ತಂತೆ.

ಇಂಜಿನ್ ನಿಲ್ಲಿಸಿ ಸೀಸದ ಗುಂಡು ಕಟ್ಟಿದ ದಾರ ಬಿಟ್ರು. ತೋರುಬೆರಳ ಮೇಲೆ ದಾರ ಇಟ್ಕೊಂಡು ಕಣ್ಣು ಮುಚ್ಚಿದ್ರು. "ಮರಳ್" ಅಂದ್ರು. ಎರಡು ಹುಟ್ಟು ಹಾಕಿ ಮತ್ತೆ ಬಿಟ್ರು. "ಮರಳ್." ಮತ್ತೆ. ನನ್ನ ಕೈಗೂ ಕೊಟ್ರು, ನನಗೆ ಗುಂಡು ಕೆಳಗೆ ಮುಟ್ಟಿತೋ ಇಲ್ವೋ ಅನ್ನೋದೇ ಗೊತ್ತಾಗ್ಲಿಲ್ಲ. ಅವರ ಪ್ರಕಾರ ಕೆಸರಾದ್ರೆ ಗುಂಡು ಕೂತು ಅಂಟಿಕೊಳ್ಳುತ್ತೆ, ಮರಳಾದ್ರೆ ಮೆತ್ತಗೆ ನಿಲ್ಲುತ್ತೆ, ಕಲ್ಲಾದ್ರೆ ಹಲ್ಲಿಗೆ ಹಲ್ಲು ತಾಗಿದ ಹಾಗೆ ಬೆರಳಿಗೆ ಬಡಿಯುತ್ತೆ. ಐದನೇ ಸಲ ಕಣ್ಣು ಬಿಟ್ಟು ಲಂಗರು ಹಾಕಿ ಅಂದ್ರು. ತಮ್ಮ ಮೊಬೈಲಲ್ಲಿ ಆ ಜಾಗ ಸೇವ್ ಮಾಡೋಕೆ ಹೋದ, ಅತ್ತೆ ಅವನ ಕೈ ಮೇಲೆ ಒಂದು ಹೊಡೆದ್ರು.

ಮೊದಲ ಒಂದು ಗಂಟೆ ಗಾಳ. ಬೊಂಡಾಸಿನ (ಸ್ಕ್ವಿಡ್) ತುಂಡು ಸಿಕ್ಕಿಸಿ ಕೈದಾರದಲ್ಲೇ, ರಾಡ್ ರೀಲ್ ಏನೂ ಇಲ್ಲ. ಮಗಳಿಗೆ ವಾಂತಿ ಆಯ್ತು, ಆಮೇಲೆ ನನಗೆ, ಅತ್ತೆಗೆ ಆಗ್ಲೇ ಇಲ್ಲ. ವಾಂತಿ ಮುಗಿಸಿದ ಮಗಳಿಗೇ ಮೊದಲು ಒಂದು ಕೆಂಬೇರಿ ಕಚ್ಚಿತು, ದಾರ ಅವಳ ಬೆರಳು ಕೊಯ್ಯೋ ಹಾಗೆ ಓಡಿತು, ಮಾವ ಕೈ ಸೇರಿಸಿ ಎಳೆದ್ರು. ಆಮೇಲೆ ಇನ್ನೆರಡು ಸಣ್ಣವು, ಒಂದು ಕೊಕ್ಕರ್. ಇದನ್ನ ಹೆಚ್ಚು ಬರೆಯೋ ಹಾಗಿಲ್ಲ, ಗಾಳ ಅಂದ್ರೆ ಕಾಯೋದು, ಕಾದದ್ದನ್ನ ಬರೆದ್ರೆ ನೀವೂ ಕಾಯ್ಬೇಕಾಗುತ್ತೆ.

ಬಿಸಿಲು ನೀರೊಳಗೆ ಇಳಿಯೋಕೆ ಶುರುವಾದ್ಮೇಲೆ ತಮ್ಮ, ನಾದಿನಿ ತಯಾರಾದ್ರು. ಸಿಲಿಂಡರ್ ಇಲ್ಲ, ಬರೀ ಉಸಿರು ಕಟ್ಟಿ ಮುಳುಗೋದು. ಇಬ್ಬರ ನಡುವೆ ಒಂದೇ ಈಟಿ, ಫೈಬರ್ ಕೋಲು, ತುದಿಗೆ ಮೂರು ಮುಳ್ಳು, ಹಿಂದುಗಡೆ ರಬ್ಬರ್ ಲೂಪ್, ಅದನ್ನ ಹೆಬ್ಬೆರಳ ಸಂದಿಗೆ ಸಿಕ್ಕಿಸಿ ಕೋಲು ಹಿಂದಕ್ಕೆ ಜಗ್ಗಿ ಹಿಡಿದು ಬಿಟ್ರೆ ಮುಂದಕ್ಕೆ ಹಾರುತ್ತೆ. ಮಾವನಿಗೆ ನಗು. ದಿನಾ ಟೂರಿಸ್ಟುಗಳಿಗೆ ಮೀನು ಮುಟ್ಬೇಡಿ, ಹವಳ ಮುಟ್ಬೇಡಿ ಅಂತ ಪಾಠ ಮಾಡೋನು ಊರಿಗೆ ಬಂದು ಈಟಿ ಹಿಡೀತಾನೆ ಅಂತ. ತಮ್ಮ ಹೇಳಿದ, ಅದಕ್ಕೇ ಮಾವ ಮುರುಡೇಶ್ವರದ ಹತ್ರ ನೇತ್ರಾಣಿಗೆ ಹೋಗಿ ಹೊಡೆಯಲ್ಲ, ಅಲ್ಲಿ ಜನ ಮೀನು ನೋಡೋಕೆ ಬರ್ತಾರೆ, ಅಲ್ಲಿ ಈಟಿ ತಗೊಂಡು ಹೋಗೋದು ದೇವಸ್ಥಾನಕ್ಕೆ ಚಪ್ಪಲಿ ಹಾಕ್ಕೊಂಡು ಹೋದ ಹಾಗೆ.

ನನಗೆ ಆ ಕೋಲು ನೋಡಿ ನೆನಪಾದದ್ದು ಹತ್ತುಮೀನು. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆ ಮೀನು ತೋಡು ಹತ್ತಿ ಗದ್ದೆಗೆ ಬರ್ತಾವಲ್ಲ, ರಾತ್ರಿ ಟಾರ್ಚು, ಕತ್ತಿ ಹಿಡ್ಕೊಂಡು ಅಜ್ಜಯ್ಯನ ಹಿಂದೆ ನಾವಿಬ್ರು ಹೋಗ್ತಿದ್ವಿ. ಮೀನು ಕಂಡಲ್ಲಿಗೆ ಕಡಿಬೇಡ, ಅದಕ್ಕಿಂತ ಕೆಳಗೆ ಕಡಿ ಅಂತ ಅಜ್ಜಯ್ಯ ಹೇಳ್ತಿದ್ರು, ಬೆಳಕು ನೀರಿಂದ ಗಾಳಿಗೆ ಬರೋವಾಗ ಬಾಗುತ್ತೆ, ಮೀನು ಇರೋದಕ್ಕಿಂತ ಮೇಲೆ ಇದ್ದ ಹಾಗೆ ಕಾಣುತ್ತೆ ಅನ್ನೋದು ನನಗೆ ಗೊತ್ತಾದದ್ದು ಪಿಯುಸಿಯಲ್ಲಿ. ನೀರೊಳಗೇ ಮಾಸ್ಕ್ ಹಾಕ್ಕೊಂಡು ನೋಡಿದ್ರೆ ಮೋಸ ಬೇರೆ ಥರ, ಮೀನು ಹತ್ತಿರ ಕಾಣುತ್ತೆ, ದೊಡ್ಡದೂ ಕಾಣುತ್ತೆ, ಮೂರಡಿ ಅಂದ್ಕೊಂಡದ್ದು ನಾಲ್ಕಡಿ ದೂರ ಇರುತ್ತೆ. ಡೈವ್ ಮಾಡೋರು ಹೇಳೋ ಮೀನಿನ ಸೈಜಲ್ಲಿ ಕಾಲು ಭಾಗ ಕಳೀಬೇಕು ಅಂತ ನಾದಿನಿಯೇ ಒಪ್ಪಿಕೊಳ್ತಾಳೆ.

ಇಳಿಯೋಕೆ ಮೊದಲು ತಮ್ಮ ನಮಗೆಲ್ಲ ರೂಲ್ಸ್ ಹೇಳಿದ. ನಾವು ನೀರಲ್ಲಿ ಇರೋವರೆಗೆ ಇಂಜಿನ್ ಮುಟ್ಬಾರ್ದು. ಒಬ್ರು ಕೆಳಗಿದ್ರೆ ಇನ್ನೊಬ್ರು ಮೇಲೆ, ಮುಖ ನೀರಲ್ಲಿಟ್ಟು ನೋಡ್ತಾನೇ ಇರ್ಬೇಕು, ಇಬ್ಬರೂ ಒಟ್ಟಿಗೆ ಮುಳುಗೋದೇ ಇಲ್ಲ. ಮುಳುಗೋಕೆ ಮುಂಚೆ ಜೋರಾಗಿ ಉಸಿರಾಡಿ ಉಸಿರಾಡಿ ಇಳಿಬಾರ್ದು. ಯಾಕೆ ಅಂತ ಅತ್ತೆ ಕೇಳಿದ್ರು, ಜಾಸ್ತಿ ಗಾಳಿ ತುಂಬಿಸಿಕೊಂಡ್ರೆ ಒಳ್ಳೇದಲ್ವಾ ಅಂತ. ನಮಗೆ ಉಸಿರು ಬೇಕು ಬೇಕು ಅಂತ ಅನ್ನಿಸೋದು ಆಮ್ಲಜನಕ ಕಮ್ಮಿ ಆದದ್ದಕ್ಕಲ್ಲ ಅತ್ತೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಆದದ್ದಕ್ಕೆ, ಅದು ಅಲಾರಾಂ ಇದ್ದ ಹಾಗೆ, ಜೋರಾಗಿ ಉಸಿರಾಡಿದ್ರೆ ಅದೆಲ್ಲ ಮೊದಲೇ ಹೊರಗೆ ಹೋಗಿರುತ್ತೆ, ಅಲಾರಾಂ ಹೊಡೆಯೋದು ತಡ ಆಗುತ್ತೆ, ಅಷ್ಟರೊಳಗೆ ಆಮ್ಲಜನಕ ಮುಗಿದು ಮೇಲೆ ಬರ್ತಾ ಬರ್ತಾ ಪ್ರಜ್ಞೆ ಹೋಗುತ್ತೆ. ಒದ್ದಾಟ ಇಲ್ಲ, ಸದ್ದಿಲ್ಲ. ಅತ್ತೆ ಪೂರ್ತಿ ಕೇಳಿ, "ಹಂಗಾರೆ ನೀ ಇಳಿಬ್ಯಾಡ" ಅಂದ್ರು.

ಅವನು ಇಳಿದ. ಅತ್ತೆ ದೋಣಿ ಅಂಚು ಹಿಡ್ಕೊಂಡು ಎಣಿಸೋಕೆ ಶುರು ಮಾಡಿದ್ರು, ಮೀನು ಎಣಿಸೋ ಥರಾನೇ, ಒಂದು ಅನ್ನಲ್ಲ, ಲಾಭ, ಎರಡು, ಮೂರು. ನಲವತ್ತು ದಾಟಿದ್ಮೇಲೆ ದನಿ ಬದಲಾಯ್ತು. ಅರವತ್ತಕ್ಕೆ ಮಾವನ ಕಡೆ ನೋಡಿದ್ರು, ಮಾವ ನೀರು ಬಿಟ್ಟು ಕಣ್ಣು ತೆಗೀಲಿಲ್ಲ. ಎಪ್ಪತ್ನಾಲ್ಕಕ್ಕೆ ತಲೆ ಮೇಲೆ ಬಂತು. ಬರಿಗೈ. ಆಮೇಲಿನ ಎಲ್ಲಾ ಸಲಾನೂ ಅತ್ತೆ ಎಣಿಸಿದ್ರು, ಒಂದು ಸಲಾನೂ ಬಿಡ್ಲಿಲ್ಲ, ನಾದಿನಿ ಮುಳುಗಿದಾಗಲೂ.

ಸಿಕ್ಕಿದ್ದು ನಾದಿನಿಗೆ, ಒಂದು ಒಳ್ಳೇ ಕೊಕ್ಕರ್. ತಮ್ಮನಿಗೆ ಒಂದು ದೊಡ್ಡ ಮುರು (ಗ್ರೂಪರ್ ಮೀನು) ಎದುರಾಯ್ತಂತೆ, ಸಂದಿನ ಬಾಗಿಲಲ್ಲೇ ನಿಂತು ಇವನನ್ನೇ ನೋಡ್ತಿತ್ತಂತೆ, ಹೊಡೀಲಿಲ್ಲ. ಯಾಕೆ ಅಂದ್ರೆ ಮುರು ಜಾತಿಯಲ್ಲಿ ಹೆಚ್ಚಿನವು ಹುಟ್ಟೋದು ಹೆಣ್ಣಾಗಿ, ಬೆಳೆದು ದೊಡ್ಡದಾದ್ಮೇಲೆ ಗಂಡಾಗ್ತಾವೆ, ದೊಡ್ಡದನ್ನೇ ಆರಿಸಿ ಹೊಡೆದ್ರೆ ಕಲ್ಲಲ್ಲಿ ಗಂಡೇ ಉಳಿಯಲ್ಲ ಅಂದ. ಅದೂ ಅಲ್ದೆ ಮುರು ಓಡಿಹೋಗೋ ಮೀನಲ್ಲ, ತನ್ನ ಮನೆ ಬಾಗಿಲಿಗೆ ಯಾರು ಬಂದ್ರು ಅಂತ ನೋಡೋಕೆ ಹೊರಗೆ ಬರುತ್ತೆ, ಅಂಥದ್ದನ್ನ ಹೊಡೆಯೋದ್ರಲ್ಲಿ ಏನಿದೆ. ಮುರುವಿನಲ್ಲೇ ಒಂದು ಭಾರೀ ಜಾತಿ ಇದೆ, ಜೈಂಟ್ ಗ್ರೂಪರ್, ಅದು ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಮರಿಯಾಗಿದ್ರೆ ಗುರುತು ಹಿಡಿಯೋದೂ ಕಷ್ಟ. ಮಾವ ಇದನ್ನೆಲ್ಲ ಕೇಳಿಸ್ಕೊಂಡು, ಬಲೆಗೆ ಇದನ್ನೆಲ್ಲ ಹೇಳಿ ಒಪ್ಪಿಸೋದು ಯಾರು ಅಂದ್ರು. ತಮ್ಮನ ಹತ್ರ ಉತ್ತರ ಇರ್ಲಿಲ್ಲ. ನನಗೂ ಈ ವಿಷಯದಲ್ಲಿ ತಮ್ಮನ ಬಗ್ಗೆ ಸ್ವಲ್ಪ ಸಿಟ್ಟಿದೆ, ಸಂಬಳ ತಗೊಂಡು ರಜೆಯಲ್ಲಿ ಒಂದು ಮೀನು ಆರಿಸಿ ಹೊಡೆಯೋನಿಗೆ ನೀತಿ ಸುಲಭ.

ಎರಡನೇ ಸಲ ದೋಣಿ ಹಿಡ್ಕೊಂಡು ಸುಧಾರಿಸ್ತಿರೋವಾಗ ತಮ್ಮ ಹೇಳಿದ, ಮಾವ ಕೆಳಗೆ ಬಲೆ ತುಂಬಾ ಇದೆ.

ಮಾವ ಎಷ್ಟಿದೆ ಅಂತ ಕೇಳ್ಲಿಲ್ಲ. ಮಾಸ್ಕ್ ಕೊಡು ಅಂದ್ರು.

ಮಾವನಿಗೆ ಈಜು ಬರಲ್ಲ ಅಂತ ಅಲ್ಲ, ಚಿಕ್ಕವರಿದ್ದಾಗ ಅಳಿವೆ ಹತ್ರ ಕಲ್ಲಿಗೆ ಅಂಟಿದ ನೀಲಿಕಲ್ಲು, ಅಂದ್ರೆ ಚಿಪ್ಪಿನ ಮೀನು, ಕೀಳೋಕೆ ಮುಳುಗ್ತಿದ್ದವರೇ. ಆದ್ರೆ ಅದೆಲ್ಲ ಕೈಯಲ್ಲಿ ತಡಕಿ ಕೀಳೋದು, ಉಪ್ಪುನೀರಲ್ಲಿ ಕಣ್ಣು ಬಿಟ್ರೂ ಮಂಜು. ನಮ್ಮ ಕಣ್ಣಿನ ಪಾಪೆ ಮೇಲಿನ ಪೊರೆ ಬೆಳಕನ್ನ ಬಾಗಿಸೋದು ಅದರ ಮುಂದೆ ಗಾಳಿ ಇದ್ರೆ ಮಾತ್ರ, ನೀರು ತಾಗಿದ್ರೆ ಆ ಕೆಲಸ ಅಲ್ಲಿಗೇ ನಿಂತುಹೋಗುತ್ತೆ, ಮಾಸ್ಕ್ ಮಾಡೋದು ಇಷ್ಟೇ, ಕಣ್ಣಿನ ಮುಂದೆ ಒಂದು ಹಿಡಿ ಗಾಳಿ ಇಡೋದು. ತಮ್ಮ ಮಾಸ್ಕಿನೊಳಗೆ ಉಗಿದು ಉಜ್ಜಿದ, ಮಂಜು ಹಿಡೀಬಾರ್ದು ಅಂತ. "ಇದೆಂಥಾ ಎಂಜಲ್ ಮಾರಾಯಾ" ಅಂದ್ರು ಮಾವ. ಆಮೇಲೆ ಮೀಸೆ ಸಮಸ್ಯೆ. ಮಾವನ ಮೀಸೆ ಅಂದ್ರೆ ಮೀಸೆ, ಅದರ ಸಂದಿಂದ ನೀರು ಒಳಗೆ ಬರುತ್ತೆ. ಬೋಳಿಸ್ಬೇಕಾಗುತ್ತೆ ಅಂತ ನಾದಿನಿ ತನ್ನ ಹರುಕು ಕನ್ನಡದಲ್ಲಿ ಅಂದ್ಲು, ದೋಣಿ ಮಗುಚೋ ಹಾಗೆ ಅತ್ತೆ ನಕ್ರು. ಕೊನೆಗೆ ಮೀಸೆಗೆ ವ್ಯಾಸ್‌ಲಿನ್ ಮೆತ್ತಿ ಮಾಸ್ಕ್ ಕೂರಿಸಿದ್ದಾಯ್ತು. ಲೈಫ್ ಜಾಕೆಟ್ ಹಾಕ್ಕೊಂಡು, ದೋಣಿಗೆ ಕಟ್ಟಿದ ಹಗ್ಗ ಹಿಡ್ಕೊಂಡು, ಬಾಯಲ್ಲಿ ಸ್ನಾರ್ಕೆಲ್ ಕಚ್ಚಿಕೊಂಡು ಮುಖ ನೀರಿಗಿಟ್ರು.

ತಕ್ಷಣ ತಲೆ ಎತ್ತಿಬಿಟ್ರು, ಬಿದ್ದುಬಿಡ್ತೀನಿ ಅನ್ನಿಸ್ತಂತೆ. ಆಮೇಲೆ ಮತ್ತೆ ಇಟ್ರು.

ಎಷ್ಟು ಹೊತ್ತು ಹಾಗೇ ಇದ್ರೋ. ನೀಲಿ ಬಣ್ಣದ ಸ್ನಾರ್ಕೆಲ್ ತುದಿಯಿಂದ ಉಸಿರಿನ ಸದ್ದು ಮೊದಲು ಗಾಬರಿಯದ್ದು, ಆಮೇಲೆ ನಿಧಾನ. ಅಂಗೈ ನೀರೊಳಗೆ ಆಗಾಗ ಏನೋ ತೋರಿಸ್ತಿತ್ತು, ಯಾರಿಗೆ ಅಂತ ಗೊತ್ತಿಲ್ಲ. ನಾನೂ ಪಕ್ಕದಲ್ಲಿ ಇನ್ನೊಂದು ಮಾಸ್ಕ್ ಹಾಕ್ಕೊಂಡು ನೋಡಿದೆ. ಹಸಿರು ನೀರಿನೊಳಗೆ ಕಂದು ಬೆನ್ನಿನ ಥರ ಕಲ್ಲು, ಅದರ ಮೇಲೆ ಸಣ್ಣ ಮೀನಿನ ಹಿಂಡು, ಮತ್ತೆ ಅದರ ಮೇಲೆ ಹೊದ್ದ ಹಾಗೆ ಬಲೆ. ಪಾಚಿ ಹಿಡಿದದ್ದು, ಚಿಪ್ಪು ಅಂಟಿದ್ದು, ಒಂದು ಕಡೆ ಮಾತ್ರ ಇನ್ನೂ ಹಸಿರು ಹೊಳೀತಿದ್ದದ್ದು. ಹಿಂದೆ ಹತ್ತಿ, ಸೆಣಬಿನ ಬಲೆ ಸಿಕ್ಕಿಹಾಕ್ಕೊಂಡ್ರೆ ಸ್ವಲ್ಪ ಕಾಲಕ್ಕೆ ಕೊಳೆತು ಹೋಗ್ತಿತ್ತು, ನೈಲಾನ್ ಕೊಳೆಯಲ್ಲ, ಬಿಟ್ಟವನು ಮರೆತ್ರೂ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ. ಒಂದು ಮಡಿಕೆಯಲ್ಲಿ ಏಡಿ ಸಿಕ್ಕಿಬಿದ್ದು ಒಂದೇ ಕಾಲು ಅಲ್ಲಾಡಿಸ್ತಿತ್ತು.

ತಮ್ಮ ಚಾಕು ತಗೊಂಡು ಹೋಗಿ ಏಡಿ ಬಿಡಿಸಿ ಒಂದು ತುಂಡು ಬಲೆ ಕೊಯ್ದು ತಂದ. ದೊಡ್ಡದಕ್ಕೆ ಕೈ ಹಾಕ್ಬಾರ್ದು, ಉಸಿರು ಕಟ್ಟಿ ಇಳಿದವನಿಗೆ ಬಲೆ ಸುತ್ತಿಕೊಂಡ್ರೆ ಕತೆ ಮುಗೀತು, ಅದನ್ನ ಸಿಲಿಂಡರ್ ಹಾಕ್ಕೊಂಡು ನಾಲ್ಕು ಜನ ಬಂದು ತೆಗೀಬೇಕು ಅಂದ. ಮಾವ ದೋಣಿ ಹತ್ತಿ ತುಂಡನ್ನ ತೊಡೆ ಮೇಲೆ ಹರಡಿ ಗಂಟು ನೋಡಿದ್ರು, ಬಲೆಯ ಕಣ್ಣಿನ ಅಗಲಕ್ಕೆ ಬೆರಳು ತೂರಿಸಿ ನೋಡಿದ್ರು. "ನಮ್ದಲ್ಲ" ಅಂದ್ರು. ಮಾಸ್ಕ್ ಅಚ್ಚಿನ ಕೆಂಪು ಗೆರೆ ಹಣೆಯಿಂದ ಮೀಸೆವರೆಗೆ ಹಾಗೇ ಇತ್ತು. ಕಲ್ಲು ಹೇಗಿತ್ತು ಮಾವ ಅಂತ ಕೇಳಿದೆ. ಸಣ್ಣದಿತ್ತು ಅಂದ್ರು, ಅಷ್ಟೇ.

ಹನ್ನೊಂದಕ್ಕೆ ಪಡುಗಾಳಿ ಏಳೋಕೆ ಮುಂಚೆ ಲಂಗರು ಎತ್ತಿದ್ವಿ. ಮಗಳು ಅತ್ತೆಯ ತೊಡೆ ಮೇಲೆ ನಿದ್ದೆ. ಅತ್ತೆ ಐಸ್ ಪೆಟ್ಟಿಗೆ ಮುಚ್ಚಳ ತೆಗೆದು ನೋಡಿ, ಎಲ್ಲ ಸೇರಿ ಸೀಮೆಎಣ್ಣೆ ದುಡ್ಡು ಹುಟ್ಟಲ್ಲ ಅಂತ ಲೆಕ್ಕ ಹೇಳಿದ್ರು.

ಸಾಯಂಕಾಲ ಜುಮ್ಮನಕಾಯಿ ಅನ್ನೋ ಮಸಾಲೆಕಾಯಿ ಹಾಕಿದ ಕೆಂಬೇರಿ ಸಾರಿನ ವಾಸನೆ ಬರ್ತಿತ್ತು, ಮಗಳು ಜಗಲಿಯಲ್ಲಿ ಬಳಪ ಹಿಡ್ಕೊಂಡು ಕೂತು ಮಾವನಿಗೆ, ಅಜ್ಜ ಕಲ್ಲು ಬರೆದು ತೋರಿಸು ಅಂದ್ಲು. ಮಾವ ಸಿಮೆಂಟ್ ನೆಲದ ಮೇಲೆ ಮಂಡಿಯೂರಿ ಬರೆದ್ರು. ತಮ್ಮ ಬಾಗಿಲಿಗೆ ಒರಗಿ ನೋಡ್ತಾ, ಮಾವ ಹಾಗಿಲ್ಲ ಅದು, ತೆಂಕಿನ ಬದಿ ಅಷ್ಟು ಉದ್ದ ಇಲ್ಲ, ಇವತ್ತು ನೀವೇ ನೋಡಿದ್ರಲ್ಲ ಅಂದ. ಮಾವ ತಲೆ ಎತ್ತಲಿಲ್ಲ. "ಆ ಬದಿ ಮರಳ್ ಮುಚ್ಚಿತ್, ಮಳ್ಗಾಲ ಕಳ್ದ್ರ್ ಮೇಲ್ ಕಾಣ್" ಅಂತ ಗೆರೆ ಇನ್ನಷ್ಟು ಉದ್ದ ಎಳೆದ್ರು. ಸಂದು ಹಾಕಿದ್ರು, ಮುರು ನಿಂತಿದ್ದ ಬಾಗಿಲು ಹಾಕಿದ್ರು, ಅದನ್ನ ತಮ್ಮ ಎಲ್ಲಿ ಅಂತ ಹೇಳೇ ಇರ್ಲಿಲ್ಲ.

ಆಮೇಲೆ ಸಣ್ಣ ಸಣ್ಣ ಅಡ್ಡಗೀಟು ಹಾಕೋಕೆ ಶುರು ಮಾಡಿದ್ರು. ಏನಜ್ಜ ಇದು ಅಂದ್ಲು ಮಗಳು. ಬಲೆ ಅಂದ್ರು. ಒಟ್ಟು ಏಳು. ನಾವು ನೋಡಿದ್ದು ಮೂರು ಕಡೆ ಮಾತ್ರ ಅಂದೆ ನಾನು. ಅವೆಲ್ಲ ಬೇರೆಯವರದ್ದು, ಇವು ನಮ್ಮವು, ಪಡುಬದಿ ಗೋಡೆಯಲ್ಲಿ, ನೀವು ಆ ಬದಿಗೆ ಹೋಗ್ಲಿಲ್ಲ ಅಂದ್ರು. ಒಂದೊಂದಕ್ಕೂ ಬೆರಳಿಟ್ಟು ಯಾವ ವರ್ಷ ಅಂತ ಹೇಳ್ತಾ ಬಂದ್ರು, ವರ್ಷದ ನಂಬರ್ ಅಲ್ಲ, ನಿಮ್ಮಮ್ಮನ ಮದುವೆ ವರ್ಷ, ಅಜ್ಜಯ್ಯ ತೀರಿಹೋದ ವರ್ಷ ಅಂತ.

ಅತ್ತೆ ಒಳಗಿಂದ ಸೌಟು ಹಿಡ್ಕೊಂಡೇ ಬಂದು ನಿಂತು ನೋಡಿದ್ರು. ಕೆಳಗೆ ಬಗ್ಗಿ ನಾಲ್ಕನೇ ಗೀಟಿನ ಮೇಲೆ ಸೌಟಿನ ತುದಿ ಇಟ್ಟು, "ಇದ್ ನನ್ನ್ ಬಳಿ" ಅಂದ್ರು. ಬಲೆ ತರೋಕೆ ಅಡ ಇಟ್ಟ ಎರಡು ಚಿನ್ನದ ಬಳೆ. ಸಾರಿನ ಒಂದು ತೊಟ್ಟು ಅದರ ಮೇಲೆ ಬಿತ್ತು, ಮಗಳು ಒರೆಸೋಕೆ ಹೋದ್ಲು, ಮಾವ ಅವಳ ಕೈ ಹಿಡಿದ್ರು.